ಎರಡೂ ಅಂಗೈ ತಾಗಿದರೆ ಚೆಂಡು ಬಿಡಬೇಕು

ಎರಡು ನಿಮಿಷ ಬಿಡುವಿದ್ದರೆ ಈಗಲೇ ಓದಿ... ಇಲ್ಲದಿದ್ದರೆ ಸಂಜೆ ಚಹಾ ಕುಡಿಯುವಾಗ ಓದಿ. ಕಥೆ ಎಲ್ಲೂ ಓಡಿ ಹೋಗುವುದಿಲ್ಲ.

ಗದಗ ಕಡೆಯ ಒಂದು ಹೈಸ್ಕೂಲಿನಲ್ಲಿ ಫಕೀರಪ್ಪ ಅಂತ ಪಿ.ಟಿ. ಮಾಸ್ತರರು.

ಸೀಟಿ ಊದುವುದು, ಸುಣ್ಣದ ಗೆರೆ ಎಳೆಯುವುದು, ಮಕ್ಕಳನ್ನು ಆಡಿಸುವುದು... ಎಲ್ಲಾ ಮಾಡುತ್ತಿದ್ದರು. ಆದರೆ ತಾವು ಮಾತ್ರ ಆ ಗೆರೆಯೊಳಗೆ ಆಡಲು ಇಳಿದು ಇಪ್ಪತ್ತೆರಡು ವರ್ಷ ಆಗಿತ್ತು.

ಒಂದು ಕಾಲಕ್ಕೆ ಅವರು ಕಬಡ್ಡಿಯಲ್ಲಿ ದೊಡ್ಡ ಹೆಸರು. ಅವರ ಬಲಗೈಗೆ ರೈಡರನ ಕಾಲು ಸಿಕ್ಕರೆ ಮುಗಿಯಿತು... ಉಡದ ಪಟ್ಟು.

ಒಂದು ಫೈನಲ್ ಮ್ಯಾಚು. ಎದುರು ತಂಡದಿಂದ ರೈಡಿಗೆ ಬಂದವನು ಜೀವದ ಗೆಳೆಯ ದ್ಯಾಮಣ್ಣ.

ಫಕೀರಪ್ಪ ಕಾಲು ಹಿಡಿದರು. ದ್ಯಾಮಣ್ಣನ ಉಸಿರು ಮುಗಿಯಿತು, ಸೀಟಿಯೂ ಆಯಿತು... ಗೆದ್ದ ಹುರುಪಿನಲ್ಲಿ ಇವರು ಕೈ ಬಿಡಲಿಲ್ಲ.

ಎಲುಬು ಮುರಿದ ಸದ್ದು ಹತ್ತಿರ ಇದ್ದವರಿಗೆಲ್ಲಾ ಕೇಳಿಸಿತು.

ಮಾತಾಡಿಸಿ ಬರೋಣವೆಂದು ಎರಡು ಸಲ ದ್ಯಾಮಣ್ಣನ ಓಣಿಯ ತನಕ ಹೋದರು. ಯಾವ ಮುಖ ಹೊತ್ತು ಒಳಗೆ ಹೋಗುವುದು ಎಂದು ಹಾಗೇ ವಾಪಸ್ ಬಂದರು. ಮೂರನೇ ಸಲ ಹೋಗಲೇ ಇಲ್ಲ.

ಈ ವರ್ಷ ತಾಲ್ಲೂಕಿನ ಶಿಕ್ಷಕರ ಕ್ರೀಡಾಕೂಟಕ್ಕೆ ಹೊಸ ಆಟ ಒಂದು ಬಂತು. ಆಸ್ಟ್ರೇಲಿಯಾ ಕಡೆಯ ಫುಟ್‌ಬಾಲ್ ಅಂತೆ. ಚೆಂಡು ದುಂಡಗಿಲ್ಲ, ತೆಂಗಿನಕಾಯಿಯ ಹಾಗೆ ಉದ್ದ. ಒದೆಯಬಹುದು, ಮುಷ್ಟಿಯಿಂದ ಗುದ್ದಿ ಪಾಸ್ ಕೊಡಬಹುದು, ಎಸೆಯುವಂತಿಲ್ಲ.

ಗಂಡಸರು, ಹೆಂಗಸರು ಒಂದೇ ಟೀಮಿನಲ್ಲಿ ಆಡಬೇಕು. ಗಂಡಸರು ಗೋಲು ಹೊಡೆದರೆ ಆರು ಪಾಯಿಂಟ್, ಹೆಂಗಸರು ಹೊಡೆದರೆ ಒಂಬತ್ತು. ಇದೆಲ್ಲಿಯ ನ್ಯಾಯ ಎಂದು ಗಂಡಸರು ಗೊಣಗಿದರು. ಮೊದಲ ಮ್ಯಾಚಿನಲ್ಲೇ ಗಣಿತದ ಟೀಚರ್ ಎರಡು ಗೋಲು ಹೊಡೆದು ಗೆಲ್ಲಿಸಿದ ಮೇಲೆ ಗೊಣಗಾಟ ತಂತಾನೇ ನಿಂತಿತು.

ಅದಕ್ಕೂ ಮೊದಲು, ಟೀಮು ಕಟ್ಟುವಾಗ ಒಬ್ಬರು ಕಡಿಮೆ ಬಿದ್ದಿದ್ದರು. ಹೆಡ್ ಮೇಡಂ ಫಕೀರಪ್ಪನವರ ಹೆಸರು ಬರೆದೇಬಿಟ್ಟರು. ಇವರು ಒಲ್ಲೆ ಎಂದರು.

ಮೇಡಂ ರೂಲ್ ಓದಿ ಹೇಳಿದರು. ಯಾರನ್ನೂ ಹಿಡಿಯುವಂತಿಲ್ಲ, ದೂಡುವಂತಿಲ್ಲ, ಬೀಳಿಸುವಂತಿಲ್ಲ. ಚೆಂಡು ಹಿಡಿದು ಓಡುವವರ ಮೈಗೆ ಎರಡೂ ಅಂಗೈ ಒಟ್ಟಿಗೆ ಮುಟ್ಟಿಸಿದರೆ ಸಾಕು... ಅವರು ಚೆಂಡನ್ನು ಆ ಕ್ಷಣವೇ ಬಿಡಬೇಕು. ಬಿಡದಿದ್ದರೆ ಚೆಂಡು ಮುಟ್ಟಿದವರ ಪಾಲು.

"ಯಾರನ್ನೂ ಹಿಡಿಯೂದಿಲ್ಲ?" ಎಂದು ಮಾಸ್ತರರು ಎರಡು ಸಲ ಕೇಳಿದರು. ಆಮೇಲೆ ಶೂ ಕಟ್ಟಿದರು.

ಆಡುತ್ತಾ ಆಡುತ್ತಾ ಟೀಮು ಫೈನಲ್ಲಿಗೆ ಬಂತು.

ಎದುರು ಟೀಮಿನಲ್ಲಿ ನೀಲಾ ಅಂತ ಒಬ್ಬ ಹೊಸ ಟೀಚರ್. ಏನು ಓಟ ಆ ಹುಡುಗಿಯದು! ಹಾಫ್ ಟೈಮಿನಲ್ಲಿ ಅವಳ ಅಪ್ಪ ನೀರಿನ ಬಾಟಲಿ ಹಿಡಿದು ಗೆರೆಯ ಹತ್ತಿರ ಬಂದ.

ಎಡಗಾಲು ಕುಂಟುತ್ತಿತ್ತು.

ಫಕೀರಪ್ಪ ನೋಡಿದೊಡನೆ ಗುರುತು ಹಿಡಿದರು. ದ್ಯಾಮಣ್ಣ... ಇಲ್ಲಿಂದ ಹೊರಟುಹೋಗಲೇ ಎನ್ನಿಸಿತು. ಆದರೆ ಸೀಟಿ ಆಯಿತು, ಬದಲಿಗೆ ಆಡುವವರೂ ಇರಲಿಲ್ಲ.

ಕೊನೆಯ ನಿಮಿಷ. ಮಾಸ್ತರರ ಟೀಮು ಮೂರು ಪಾಯಿಂಟ್ ಮುಂದೆ.

ನೀಲಾ ಚೆಂಡು ಹಿಡಿದು ಗೋಲಿನ ಕಡೆ ಓಡಿದಳು. ಅವಳ ಹಿಂದೆ ಇದ್ದವರು ಫಕೀರಪ್ಪ ಒಬ್ಬರೇ. ಒಂದು ಮೊಳ ಅಂತರ. ಎರಡೂ ಕೈ ಚಾಚಲು ಹೋದರು.

ಎಡಗೈ ಅವಳ ಬೆನ್ನಿಗೆ ತಾಗಿತು. ಬಲಗೈ ಮುಂದೆ ಹೋಗಲೇ ಇಲ್ಲ... ತಮ್ಮ ಎದೆಯ ಹತ್ತಿರವೇ ನಿಂತಿತು.

ಅಂಪೈರಿಗೆ ಅದು ಕಾಣಿಸಲಿಲ್ಲ. ಎರಡೂ ಕೈ ತಾಗಿದರೂ ನೀಲಾ ಚೆಂಡು ಬಿಡಲಿಲ್ಲವೆಂದು ಸೀಟಿ ಊದಿ, ಚೆಂಡು ಮಾಸ್ತರರ ಕೈಗೆ ಕೊಟ್ಟ. ಅಂದರೆ ಕಪ್ ಇವರದೇ. ಟೀಮಿನವರು ಕುಣಿಯಲು ಶುರು ಮಾಡಿದರು.

ಫಕೀರಪ್ಪ ಅಲ್ಲೇ ನಿಂತು ಹೇಳಿದರು... "ಸರ್, ಒಂದ ಕೈ ತಾಗಿದ್ದು. ಚೆಂಡು ಅಕೀದು."

ಅಂಪೈರ್ ಚೆಂಡು ವಾಪಸ್ ಕೊಡಿಸಿದ. ನೀಲಾ ಒದ್ದಳು. ಗೋಲು... ಒಂಬತ್ತು ಪಾಯಿಂಟ್. ಆಟ ಮುಗಿಯಿತು.

ಟೀಮಿನವರ ಮುಖ ನೋಡಲಾರದೆ ಮಾಸ್ತರರು ಗೋಲಿನ ಕಂಬಗಳ ಹಿಂದೆ ಬಿದ್ದಿದ್ದ ಚೆಂಡು ತರಲು ಹೋದರು. ಎತ್ತಿಕೊಂಡು ತಿರುಗಿದರೆ ಎದುರಿಗೆ ದ್ಯಾಮಣ್ಣ.

"ನನ್ನ ಮಗಳಿಗೆ ಬಲಗೈ ಯಾಕ ಹಚ್ಚಲಿಲ್ಲ?"

ಮಾಸ್ತರರು ತಮ್ಮ ಬಲಗೈ ನೋಡಿಕೊಂಡರು. "ಅದ ಕೈ ಅಲ್ಲೇನೋ ದ್ಯಾಮ... ನಿನ್ನ ಕಾಲು ಹಿಡದಿದ್ದು."

ದ್ಯಾಮಣ್ಣ ಎಡಗಾಲನ್ನು ನೆಲಕ್ಕೆ ತಟ್ಟಿ ತೋರಿಸಿದ. ಆಮೇಲೆ ಹೇಳಿದ. "ಎಲುಬು ನಾಕು ತಿಂಗಳಿಗೆ ಕೂಡ್ತು. ಇವತ್ತ ಬರ್ತಾನ, ನಾಳೆ ಬರ್ತಾನ ಅಂತ ನಿನ್ನ ದಾರಿ ಕಾದೆ ನೋಡು... ನೀ ಬರಲಿಲ್ಲಲ್ಲ, ಅದ ಭಾಳ ನೋವು ಮಾಡ್ತು."

ಫಕೀರಪ್ಪ ತಲೆ ತಗ್ಗಿಸಿದರು. ದ್ಯಾಮಣ್ಣ ಕುಂಟುತ್ತಾ ಅವರ ಹಿಂದಕ್ಕೆ ಬಂದು, ಎರಡೂ ಅಂಗೈ ಬೆನ್ನ ಮೇಲೆ ಇಟ್ಟ.

"ಎರಡೂ ತಾಗ್ಯಾವ. ರೂಲ್ ಗೊತ್ತೈತಲ್ಲ? ಬಿಡು ಈಗ."

ಮಾಸ್ತರರು ಗಾಬರಿಯಾಗಿ ಕೈಯಲ್ಲಿದ್ದ ಚೆಂಡು ಕೆಳಗೆ ಬಿಟ್ಟರು.

"ಚೆಂಡಲ್ಲೋ ಖೋಡಿ... ಆ ದಿನಾನ ಬಿಡು. ಇಪ್ಪತ್ತೆರಡು ವರ್ಷ ಹಿಡಕೊಂಡು ಓಡೀದಿ, ಸಾಕು."

ನಲವತ್ತೇಳು ವರ್ಷದ ಪಿ.ಟಿ. ಮಾಸ್ತರರು, ಆಟ ನೋಡಲು ಬಂದಿದ್ದ ಶಾಲೆಯ ಮಕ್ಕಳೆದುರಿಗೇ ಅತ್ತುಬಿಟ್ಟರು.

ಕಪ್ ಆ ಕಡೆ ಹೋಯಿತು. ಅವತ್ತು ಸಂಜೆ ಫಕೀರಪ್ಪ ದ್ಯಾಮಣ್ಣನ ಓಣಿಗೆ ಮೂರನೇ ಸಲ ಹೋದರು... ಈ ಸಲ ಒಳಗೆ ಹೋಗಿ ಊಟ ಮಾಡಿಕೊಂಡೇ ಬಂದರು.

*

ಬಿಗಿಯಾಗಿ ಹಿಡಿಯುವುದು ತೋಳಿನ ಬಲ... ಸೀಟಿ ಆದ ಮೇಲೆ ಬಿಡುವುದು ಮನಸ್ಸಿನ ಬಲ.

ನೀವು ಯಾರ ಓಣಿಯ ತನಕ ಹೋಗಿ ವಾಪಸ್ ಬಂದಿದ್ದೀರಿ? ಅವರು ಇನ್ನೂ ನಿಮ್ಮ ದಾರಿ ಕಾಯುತ್ತಿರಬಹುದಲ್ಲವೇ?