ಒಳಗೆ ಬರುವವರ ಪಟ್ಟಿ

ಮನೆಗೊಂದು ಬಂದೂಕು ಕಡ್ಡಾಯವಾಗಿ ಮೂರು ವರ್ಷವಾಗಿತ್ತು. ಅದು ಬಾಗಿಲ ಮೇಲೆ ಕೂತು, ಪಟ್ಟಿಯಲ್ಲಿ ಹೆಸರಿಲ್ಲದವರು ಹೊಸ್ತಿಲು ದಾಟಿದರೆ ತಾನೇ ಹೊಡೆಯುತ್ತಿತ್ತು. ಬಂದೂಕು ಬೇಡವೆಂದವರ ಮನೆಗೆ ಅದೇ ಸಂಜೆ ಬೀಗ. ಹಂಚಿಕೆಯಲ್ಲಿ ಇವತ್ತು ನನ್ನ ಸರದಿ.

"ಕೋವಿ ಗುರಿ ತಪ್ಪಂಗಿಲ್ಲ. ರೈಫಲ್ ಓಣಿ ತುದೀತನ ಮುಟ್ಟತೈತಿ. ಸಣ್ಣ ಮನೀಗೆ ಪಿಸ್ತೂಲು ಸಾಕು. ಯಾವುದು ಬರೀಲ್ರಿ ಅಕ್ಕಾರ?" ಬಂದೂಕು ಕಚೇರಿಯ ಗುಮಾಸ್ತ ಈರಪ್ಪ ಕೇಳಿದ.

ಮೂರರ ಕೈಪಿಡಿಯನ್ನೂ ಎರಡೆರಡು ಸಲ ಓದಿಕೊಂಡು ಹೋಗಿದ್ದೆ.

"ಪಿಸ್ತೂಲು" ಎಂದೆ.

"ಒಳಗ ಬರೋರ ಹೆಸರು ಹೇಳ್ರಿ. ಆರು ಮಂದಿ."

ನಮ್ಮ ಓಣಿಯಲ್ಲಿ ಹೆಪ್ಪು ಕೇಳಲು ಬರುವವರು ಬಾಗಿಲು ತಟ್ಟುವುದಿಲ್ಲ. ಬಟ್ಟಲು ಹಿಡಿದು ನೇರವಾಗಿ ಅಡುಗೆಮನೆಗೆ ಬರುತ್ತಾರೆ. ಹೋದ ತಿಂಗಳು ಹಾಗೆ ಹೋದ ಮಾಬೂಬಿಯ ಮೊಣಕಾಲಿಗೆ ಮೂಲೆಮನೆಯ ರೈಫಲ್ ಹೊಡೆದಿತ್ತು.

"ಮಾಬೂಬಿ, ಗಂಗವ್ವ, ಶಿವಲಿಂಗವ್ವ, ಆಕಿ ಸೊಸೆಯಂದಿರು ಮೂವರು, ಹೂಗಾರ ಕಲ್ಲವ್ವ..."

"ಆರು ಮೀರಿದ್ವು. ಓಣಿನೆಲ್ಲಾ ಬರಸ್ತೀರೇನ್ರಿ?"

"ಹೌದ್ರಿ. ನಲವತ್ತಮೂರು ಮಂದಿ."

"ಅಷ್ಟು ಹೆಸರು ಯಂತ್ರ ತಗೊಳ್ಳಂಗಿಲ್ಲ."

"ಹಂಗಾರ ಪಿಸ್ತೂಲು ನೀವ ಇಟ್ಕೋರಿ."

"ಸಂಜೀಕ ಬೀಗ ಬೀಳ್ತೈತ್ರಿ ಅಕ್ಕಾರ."

ಮನೆ ಮುಟ್ಟಿದವಳೇ ಗಂಗವ್ವನ ಹಾರೆ ಇಸಿದುಕೊಂಡೆ. ಬೀಗದವರು ಬಂದಾಗ ಬಾಗಿಲು ಬೀದಿಯಲ್ಲಿ ಮಲಗಿತ್ತು. ಅದರ ಮೇಲೆ ಓಣಿಯ ಹೆಂಗಸರು ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಬಾಗಿಲು ಎಲ್ಲೈತಿ?" ಎಂದು ಬೀಗದವರು ಕೇಳಿದರು.

ಯಾರೂ ಏಳಲಿಲ್ಲ.