ದಣಿವಿನ ಅದಲುಬದಲು

ತಕರಾರು ಒಂದು ಕುರ್ಚಿಯದು. ಬೆಳಿಗ್ಗೆ ಕಾಲೇಜು, ಸಂಜೆ ದರ್ಶಿನಿಯ ಕಾಫಿ ಕೌಂಟರು ಅಂತ ದುಡಿಯುವ ನಾಗವೇಣಿ ಕೂರಲು ಕುರ್ಚಿ ಕೇಳಿದ್ದಳು.

"ಗಿರಾಕಿಗಳೇ ನಿಂತು ತಿಂತಾರೆ, ನಿನಗ್ಯಾಕಮ್ಮ ಕುರ್ಚಿ?" ಎಂದಿದ್ದರು ಗಲ್ಲಾದಲ್ಲಿ ಕೂತ ಮಾಲೀಕ ಗಣಪಯ್ಯ.

ಇಂಥ ತಕರಾರಿಗೆ ಇಬ್ಬರ ದಣಿವು ಅದಲುಬದಲು ಮಾಡಬೇಕೆಂಬ ಕಾನೂನಿನಂತೆ ಕಾರ್ಮಿಕ ಇಲಾಖೆಯ ಮೇಡಂ ಬಂದರು. ಇಬ್ಬರ ಕೈಗೂ ಪಟ್ಟಿ ಕಟ್ಟಿ, ನಾಗವೇಣಿಯ ದಣಿವು ಗಣಪಯ್ಯನವರಿಗೆ, ಅವರದು ಇವಳಿಗೆ ದಾಟಿಸಿದರು. ಮೇಡಂಗೆ ಇದು ದಿನವೂ ಮಾಡುವ ಕೆಲಸ. ಆಮೇಲೆ ಪಕ್ಕದಲ್ಲಿ ನಿಂತು ಕಾಫಿ ಹೀರತೊಡಗಿದರು.

ನಾಗವೇಣಿ ನಿಂತಲ್ಲೇ ಒಂದು ಸುತ್ತು ಕುಣಿದಳು. "ನಿಮ್ಮ ದಣಿವು ಇಷ್ಟೇನಾ ಸರ್?"

ಗಣಪಯ್ಯ ಪಾದ ಒತ್ತಿಕೊಳ್ಳುತ್ತಲೇ ಯಾರಿಗೋ ಫೋನು ಮಾಡಿದರು.

"ಅವರವರ ದಣಿವು ವಾಪಸ್ ಮಾಡ್ಲಾ?" ಮೇಡಂ ಕೇಳಿದರು.

"ಸ್ವಲ್ಪ ತಡೀರಿ, ಅಂಗಡಿಯಿಂದ ಕುರ್ಚಿ ಬರ್ತಾ ಇದೆ. ನಿಂತಿರೋ ಹುಡುಗಿ ಮೇಲೆ ಈ ದಣಿವನ್ನ ಹೇಗೆ ಹೊರಿಸೋದು?" ಎಂದರು ಗಣಪಯ್ಯ.