ರಾಗವಿಲ್ಲದ ಹನ್ನೆರಡು ಹಾಡುಗಳು

ಹನ್ನೊಂದನೆಯ ಹಾಡನ್ನು ಕನ್ನಡಕದಂಗಡಿಯವನು ಕಿತ್ತೆಸೆದ. ಅದರಲ್ಲಿ ರಾಗವಿತ್ತು. ಒಮ್ಮೆ ಕೇಳಿದರೆ ಸಾಕು, ಗುನುಗುವಂತಿತ್ತು. ಗುನುಗಲು ಬರುವ ಹಾಡನ್ನು ಹಾಕಿದರೆ ತನಗೂ ಬಸ್ಸಿನಲ್ಲಿ ಹಾಡು ಹಾಕುವ ಡ್ರೈವರನಿಗೂ ಏನು ವ್ಯತ್ಯಾಸ ಉಳಿಯಿತು?

ಡಿಸೆಂಬರ್ ಬಂತೆಂದರೆ ಅವನಿಗೆ ಹುಚ್ಚು ನೆತ್ತಿಗೇರುತ್ತಿತ್ತು. ವರ್ಷವಿಡೀ ಹೆಕ್ಕಿದ್ದರಲ್ಲಿ ಹನ್ನೆರಡು ಹಾಡು ಆರಿಸಿ, ಹಿಂದೆಮುಂದೆ ಜೋಡಿಸಿ, ‘ನನ್ನ ವರ್ಷ’ ಎಂದು ಹೆಸರಿಟ್ಟು ಮಿಕ್ಸ್ ಮಾಡುತ್ತಿದ್ದ. ಅದನ್ನು ನೆಂಟರಿಗೆ, ಗೆಳೆಯರಿಗೆ, ಕನ್ನಡಕ ಕೊಳ್ಳಲು ಬಂದು ಫೋನ್ ನಂಬರ್ ಕೊಟ್ಟು ಸಿಕ್ಕಿಬಿದ್ದ ಗಿರಾಕಿಗಳಿಗೆ ಕಳಿಸುತ್ತಿದ್ದ. ಎಲ್ಲವೂ ಹೆಸರೇ ಕೇಳಿರದ ತಂಡಗಳು. ಒಬ್ಬ ಗ್ಯಾರೇಜಿನಲ್ಲಿ ಕೂತು ಗರಗಸಕ್ಕೆ ಪಿಟೀಲಿನ ಕಮಾನು ಉಜ್ಜುತ್ತಾನೆ. ಇನ್ನೊಬ್ಬಳು ಫ್ರಿಜ್ಜಿನ ಗುಂಯ್ ಸದ್ದಿನ ಮೇಲೆ ಮಾಜಿ ಗಂಡನ ವಿಳಾಸವನ್ನು ಪಿಸುಗುಡುತ್ತಾಳೆ. ಯಾವುದಾದರೂ ತಂಡಕ್ಕೆ ನಾಲ್ಕು ಜನ ಹೆಚ್ಚು ಕೇಳುಗರು ಸಿಕ್ಕರೋ, ಅದನ್ನು ಅಲ್ಲಿಗೇ ಕೈಬಿಡುತ್ತಿದ್ದ. ಜನಕ್ಕೆ ಹಿಡಿಸಿದ್ದು ಸಂಗೀತವೇ ಅಲ್ಲ ಎಂಬುದು ಅವನ ಖಡಾಖಂಡಿತ ಅಭಿಪ್ರಾಯ.

ಉತ್ತರವಾಗಿ ಬರುತ್ತಿದ್ದುದು ಹೆಬ್ಬೆರಳಿನ ಚಿತ್ರ. ಅದೂ ಕಳಿಸಿದ ಅರ್ಧ ನಿಮಿಷಕ್ಕೆ. ಮೊದಲ ಹಾಡೇ ಒಂಬತ್ತು ನಿಮಿಷದ್ದು!

“ಈ ವರ್ಷ ಒಬ್ಬರಾದರೂ ಮನಸ್ಸಿಟ್ಟು ಕೇಳಿದ್ದನ್ನ ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಇದೇ ಕೊನೆ. ನಿಲ್ಲಿಸಿಬಿಡ್ತೀನಿ,” ಎಂದ ಹೆಂಡತಿಗೆ. ನಗುವವರು ನಗಲಿ, ಹತ್ತು ವರ್ಷ ಒಬ್ಬನೇ ಒಬ್ಬ ಕೇಳುಗನಿಗಾಗಿ ಕಾದ ಮನುಷ್ಯ ಅವನು. ನಿಜಕ್ಕೂ ನೊಂದಿದ್ದ.

ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು.

“ನಿಲ್ಲಿಸೋದಾ? ಅಯ್ಯೋ, ಬೇಡ ರೀ! ಮನೆಗೆ ನೆಂಟರು ಬಂದ್ರೆ ಏನು ಹಾಕೋದು ಮತ್ತೆ?”

ಅವನ ಮನಸ್ಸು ಕರಗಿತು. ಅವಳು ತಾನಾಗಿ ಎಂದೂ ಕೇಳಿದವಳಲ್ಲ, ನಿಜ. ಆದರೆ ನೆಂಟರು ಬಂದ ದಿನ, ಊಟವಾದ ಮೇಲೆ, “ರೀ, ನಿಮ್ಮ ಹಾಡು ಹಾಕ್ರಿ, ಎಲ್ರೂ ಕೇಳ್ಲಿ” ಎಂದು ಅವಳೇ ನೆನಪಿಸುತ್ತಿದ್ದಳು. ಗಂಡನ ಅಭಿರುಚಿಯ ಬಗ್ಗೆ ಅಷ್ಟಾದರೂ ಹೆಮ್ಮೆ ಇದೆಯಲ್ಲ ಎಂದುಕೊಂಡ. ಅವಳು ಫೋನ್ ಹಿಡಿದು ಬಾಲ್ಕನಿಗೆ ಹೋದಳು.

ಮರುದಿನ ಬೆಳಿಗ್ಗೆ, ಎಂದೂ ಫೋನ್ ಮಾಡದ ತಂಗಿಯ ಗಂಡನ ಫೋನ್ ಬಂತು. ಅವನದು ಕಾಫಿ ಅಂಗಡಿ.

“ಭಾವ, ಈ ವರ್ಷದ್ದು ಎಲ್ಲಿ? ಹಳೇದು ಜನಕ್ಕೆ ರೂಢಿಯಾಗ್ಬಿಟ್ಟಿದೆ.”

“ಏನು, ಅಂಗಡೀಲಿ ಹಾಕ್ತೀಯಾ?”

“ದಿನಾ ಸಂಜೆ! ಅದಿಲ್ದೆ ನನಗೆ ಮನೆಗೆ ಹೋಗೋಕೇ ಆಗಲ್ಲ.”

“ಇಷ್ಟು ದಿನ ಯಾಕಯ್ಯಾ ಹೇಳ್ಲಿಲ್ಲ?”

“ಏನೋ ಸಂಕೋಚ ಭಾವ. ಆದ್ರೆ ಒಂದು ಮಾತು. ಹೋದ ಸಲದ ನಾಲ್ಕನೇ ಹಾಡಿನಂಥದ್ದು ಬೇಡ. ಅದು ಸ್ವಲ್ಪ ಇಂಪಾಗಿತ್ತು.”

ಕನ್ನಡಕದಂಗಡಿಯವನ ಮೈ ಜುಮ್ಮೆಂದಿತು. ಇಂಪನ್ನು ದೋಷವೆಂದು ಹಿಡಿಯುವ ಕಿವಿ! ಊರೆಲ್ಲ ಹುಡುಕಿದ್ದು ತಂಗಿಯ ಮನೆಯಲ್ಲೇ ಇತ್ತು. ಆಗಲೇ ಕೂತು ಇನ್ನೆರಡು ಹಾಡು ಕಿತ್ತ, ಅವುಗಳ ಜಾಗಕ್ಕೆ ಇನ್ನೂ ಕಠಿಣವಾದವನ್ನು ಹಾಕಿ ಕಳಿಸಿದ.

ಆ ಸಂಜೆ ಎಂದೂ ಇಲ್ಲದೆ ತನ್ನ ಅಂಗಡಿಗೆ ಬೇಗ ಬೀಗ ಜಡಿದು, ಕಾಫಿ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಹೋಗಿ ನಿಂತ. ಒಳಗೆ ಹೋಗಲಿಲ್ಲ. ಕಲಾವಿದನನ್ನು ಕಂಡರೆ ಜನ ಮುಜುಗರಪಟ್ಟಾರು ಎಂಬ ವಿನಯ.

ಗಾಜಿನಾಚೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಲ್ಯಾಪ್‌ಟಾಪಿಗೆ ಅಂಟಿಕೊಂಡವರು, ಒಣಗಿದ ಕಪ್ಪಿನ ಮುಂದೆ ಪಿಸುಗುಡುವ ಜೋಡಿಗಳು, ಪದಬಂಧದ ಮೇಲೆ ಬಗ್ಗಿದ ಒಬ್ಬ ಮುದುಕ. ತಂಗಿ ಗಲ್ಲಾದಲ್ಲಿದ್ದಳು. ಅವಳ ಗಂಡ ಗಡಿಯಾರ ನೋಡಿದ, ಕೈ ಒರೆಸಿಕೊಂಡ, ಸ್ಪೀಕರಿನ ಹತ್ತಿರ ಹೋಗಿ ಗುಂಡಿಯನ್ನು ಪೂರ್ತಿ ತಿರುಗಿಸಿದ. ಗರಗಸದ ಕೂಗು ಬೀದಿಯವರೆಗೂ ಬಂತು.

ಒಳಗೆ ಎಲ್ಲರ ತಲೆ ಒಟ್ಟಿಗೆ ಮೇಲೆದ್ದಿತು. ಒಬ್ಬ ಲ್ಯಾಪ್‌ಟಾಪನ್ನೇ ಮುಚ್ಚಿಬಿಟ್ಟ. ಜೋಡಿಗಳ ಮಾತು ನಿಂತಿತು. ಮುದುಕ ಎರಡೂ ಕಿವಿಗಳನ್ನು ಅಂಗೈಯಲ್ಲಿ ಹಿಡಿದುಕೊಂಡ, ಒಂದು ಸ್ವರವೂ ಸೋರಿಹೋಗಬಾರದೆಂಬಂತೆ. ಆಮೇಲೆ ಮೊದಲ ಮೇಜಿನವರು ಎದ್ದು ನಿಂತರು. ನಂತರ ಎರಡನೆಯ ಮೇಜಿನವರು. ನೋಡನೋಡುತ್ತ ಇಡೀ ಅಂಗಡಿ ಎದ್ದು ನಿಂತಿತು.

ಎದ್ದು ನಿಂತಿತು! ತನ್ನ ಮೊದಲ ಹಾಡಿಗೆ! ಕಣ್ಣು ತುಂಬಿ ಕನ್ನಡಕ ಮಂಜಾಯಿತು. ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಜನ ಹೊರಗೆ ಬರತೊಡಗಿದ್ದರು, ಒಬ್ಬರಿಗೊಬ್ಬರು ಮಾತಾಡದೆ, ಬಿರಬಿರನೆ. ಇಂಥದ್ದನ್ನು ಕೇಳಿದ ಮೇಲೆ ಮಾತು ಹೇಗೆ ಬಂದೀತು?

“ಇವತ್ತು ಹೊಸದು ಕಣೇ. ಅಬ್ಬಬ್ಬಾ, ಇನ್ನೊಂದು ನಿಮಿಷ ಕೂತಿದ್ರೆ ಸತ್ತೇ ಹೋಗ್ತಿದ್ದೆ,” ಎಂದಳು ಒಬ್ಬಳು ಗೆಳತಿಗೆ.

ತನಗೂ ಮೊದಲ ಸಲ ಹಾಗೇ ಆಗಿತ್ತಲ್ಲ ಎಂದು ಅವನಿಗೆ ಅವಳ ಮೇಲೆ ಅಕ್ಕರೆ ಉಕ್ಕಿತು. ನಿಲ್ಲಿಸುವ ಮಾತೇ ಇಲ್ಲ. ಮುಂದಿನ ವರ್ಷ ಇಪ್ಪತ್ತನಾಲ್ಕು ಹಾಡು! ತಂಗಿಯ ಗಂಡನನ್ನು ಬಾಚಿ ತಬ್ಬಿಕೊಳ್ಳಬೇಕೆಂದು ರಸ್ತೆ ದಾಟಿ ಬಾಗಿಲು ತಳ್ಳಿದ. ಅವನು ಖಾಲಿ ಮೇಜುಗಳ ಮೇಲೆ ಕುರ್ಚಿಗಳನ್ನು ಕವುಚಿ ಹಾಕುತ್ತಿದ್ದ. ತಂಗಿ ಬೆನ್ನು ತಿರುಗಿಸಿ ನಿಂತು, ಗರಗಸಕ್ಕಿಂತ ಗಟ್ಟಿಯಾಗಿ ಫೋನಿನಲ್ಲಿ ಕೂಗುತ್ತಿದ್ದಳು:

“ಅತ್ತಿಗೆ, ಮೊದಲನೇ ಹಾಡಿಗೇ ಅಂಗಡಿ ಖಾಲಿ, ನಿಮ್ಮನೆ ನೆಂಟರೂ ಇಷ್ಟು ಬೇಗ ಜಾಗ ಖಾಲಿ ಮಾಡಿರಲ್ಲ ಬಿಡಿ, ಅಣ್ಣ ಇನ್ನೊಂದ್ಸಲ ನಿಲ್ಲಿಸ್ತೀನಿ ಅಂದ್ರೆ ತಕ್ಷಣ ಹೇಳಿ, ಇವರ ಕೈಲಿ ಮತ್ತೆ ಫೋನ್ ಮಾಡಿಸಿ ಹೊಗಳಿಸ್ತೀನಿ!”